ಶ್ರೀರಂಗಪಟ್ಟಣದಲ್ಲಿ ಎರಡು ರಾತ್ರಿ: ಸಣ್ಣ ಹೋಟೆಲು ಹಿಡಿಯುವ ಮುನ್ನ

ತಿರುಪ್ಪೂರು ಜಿಲ್ಲೆಯ ಮಡತ್ತುಕುಳಂ, ಉಡುಮಲೈಪೇಟೆ, ಕಣಿಯೂರು, ಕೊಳುಮಂ ಕಡೆಯ ಕನ್ನಡ ಮನೆಗಳವರು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದ ಮೇಲೆ ಹೇಳುವ ದೂರು ಹೆಚ್ಚುಕಡಿಮೆ ಒಂದೇ. ರಂಗನಾಥನ ದರ್ಶನ ಚೆನ್ನಾಗಾಯಿತು, ಊರು ಮನಸ್ಸಿಗೆ ಹಿಡಿಸಿತು, ಆದರೆ ಉಳಿದುಕೊಂಡ ಜಾಗದಲ್ಲಿ ನೆಮ್ಮದಿ ಸಿಗಲಿಲ್ಲ. ಮೊಬೈಲಿನಲ್ಲಿ ತೊಟ್ಟಿ, ಮರದ ಕಂಬ, ಕಿಟಕಿಯಾಚೆಯ ನದಿ ನೋಡಿ ಕೋಣೆ ಹಿಡಿದಿರುತ್ತಾರೆ. ಹೋಗಿ ನೋಡಿದರೆ ಅಜ್ಜಿ ಹತ್ತಲಾಗದ ಕಡಿದಾದ ಮೆಟ್ಟಿಲು. ರಾತ್ರಿ ಒಂಬತ್ತೂವರೆಗೆ ತಲುಪಿದರೆ ಊಟವಿಲ್ಲ. ಬೆಳಿಗ್ಗೆ ಎದ್ದರೆ ಬಿಸಿನೀರಿಲ್ಲ. ಕೊಟ್ಟ ಹಣಕ್ಕೆ ಮೈಸೂರಿನ ದೊಡ್ಡ ಲಾಡ್ಜಿನಲ್ಲಿ ಲಿಫ್ಟೂ ಸಿಗುತ್ತಿತ್ತು, ಊಟವೂ ಸಿಗುತ್ತಿತ್ತು ಎಂದು ಬೇಸರಪಡುತ್ತಾರೆ.

ತಪ್ಪು ಬಹುತೇಕ ಸಲ ಹೋಟೆಲಿನದೂ ಅಲ್ಲ, ನಿಮ್ಮದೂ ಅಲ್ಲ. ಎಂಟು ಹತ್ತು ಕೋಣೆಗಳ ಹೋಟೆಲು ನಡೆಯುವ ರೀತಿಯೇ ಬೇರೆ. ಅಲ್ಲಿ ಮೊದಲೇ ಹೇಳಿದ್ದು ಸಿಗುತ್ತದೆ, ಹೇಳದೆ ಇದ್ದದ್ದು ಸಿಗುವುದಿಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಅಲ್ಲಿ ಕಳೆಯುವ ಎರಡು ರಾತ್ರಿ ಯಾವ ದೊಡ್ಡ ಹೋಟೆಲೂ ಕೊಡಲಾರದ ಸುಖ ಕೊಡುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮ ಕಡೆಯವರು ಆ ಊರಲ್ಲಿ ಉಳಿದು ನೋಡಬೇಕು ಎನ್ನಲು ಕಾರಣವಿದೆ. 1610ರಲ್ಲಿ ರಾಜ ಒಡೆಯರ ಕೈಗೆ ಬಂದ ಶ್ರೀರಂಗಪಟ್ಟಣ 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿಯುವವರೆಗೆ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ನಮ್ಮ ಕೊಯಮತ್ತೂರು ಸೀಮೆ 18ನೇ ಶತಮಾನದಲ್ಲಿ ಬಹುಕಾಲ ಮೈಸೂರಿಗೆ ಸೇರಿತ್ತು. ಕಂಪನಿ ಸರ್ಕಾರಕ್ಕೆ ಹೋದದ್ದು ಅದೇ 1799ರಲ್ಲಿ. ಅಂದರೆ ನಮ್ಮ ಹೊಲಗದ್ದೆಗಳ ಕಂದಾಯದ ಲೆಕ್ಕ ಹೋಗುತ್ತಿದ್ದ ಊರು ಅದು. ನೀರಿನ ನಂಟೂ ಇದೆ. ಮಡತ್ತುಕುಳಂ ಬಳಿ ಹರಿಯುವ ಅಮರಾವತಿ ಕರೂರಿನ ಹತ್ತಿರ ತಿರುಮುಕ್ಕೂಡಲೂರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕೂಡಲಿಗೆ ಮೇಲೆ ಆದಿರಂಗನ ದ್ವೀಪ ಶ್ರೀರಂಗಪಟ್ಟಣ, ಕೆಳಗೆ ಅಂತ್ಯರಂಗನ ದ್ವೀಪ ಶ್ರೀರಂಗ. ನಮ್ಮವರು ಶ್ರೀರಂಗಕ್ಕೆ ವರ್ಷಕ್ಕೊಮ್ಮೆಯಾದರೂ ಹೋಗುತ್ತಾರೆ. ಮೇಲಿನ ದ್ವೀಪವನ್ನು ಮಾತ್ರ ಮೈಸೂರು ಪ್ರವಾಸದ ನಡುವೆ ಎರಡು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ.

ಸಣ್ಣದು ಸಣ್ಣದಾಗಿಯೇ ಉಳಿಯುವುದೇಕೆ

ಶ್ರೀರಂಗಪಟ್ಟಣದ ಕೋಟೆಯೊಳಗೆ ಎಲ್ಲಿ ನಿಂತರೂ ಹತ್ತಿರದಲ್ಲೊಂದು ಸಂರಕ್ಷಿತ ಸ್ಮಾರಕವಿರುತ್ತದೆ. ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಕರ್ನಲ್ ಬೇಯ್ಲಿಯ ಸೆರೆಮನೆ, ಟಿಪ್ಪುವಿನ ದೇಹ ಸಿಕ್ಕ ಜಾಗ, ಕೋಟೆಗೋಡೆ ಎಲ್ಲವೂ ಕೂಗಳತೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ದುರಸ್ತಿಗೂ ಕಾಗದಪತ್ರ ಬೇಕು. ಹೀಗಾಗಿ ಕೋಟೆಯೊಳಗೆ ಐದು ಮಹಡಿಯ ಹೋಟೆಲು ಏಳುವುದಿಲ್ಲ. ಇದ್ದ ಮನೆಯನ್ನೇ ಸರಿಪಡಿಸಿ ನಾಲ್ಕಾರು ಕೋಣೆ ಮಾಡಿಕೊಂಡವರಿಗೆ ಲಿಫ್ಟು ಹಾಕಲು, ಮೆಟ್ಟಿಲು ಅಗಲ ಮಾಡಲು, ಕಾರು ನಿಲ್ಲಿಸಲು ನೆಲಮಾಳಿಗೆ ತೋಡಲು ಆಗುವುದಿಲ್ಲ. ಅನಾನುಕೂಲ ಎಂದು ನೀವು ಹೇಳುವ ಅರ್ಧದಷ್ಟು ಸಂಗತಿಗಳು ಈ ಕಾನೂನಿನಿಂದ ಬಂದವು. ಆ ಊರಿನ ಬೀದಿಗಳು ಇನ್ನೂ ನಡೆದಾಡುವಂತೆ ಉಳಿದಿರುವುದೂ ಅದರಿಂದಲೇ.

ಇನ್ನೊಂದು ಕಾರಣ ಲೆಕ್ಕಾಚಾರದ್ದು. ಶನಿವಾರ ಎಲ್ಲ ಕೋಣೆ ತುಂಬಿದರೂ ಮಂಗಳವಾರ ಎರಡು ತುಂಬಿದರೆ ಹೆಚ್ಚು. ಅಂಥ ಕಡೆ ಇಪ್ಪತ್ತು ಜನ ಕೆಲಸದವರನ್ನು ಇಟ್ಟುಕೊಳ್ಳಲಾಗದು. ಅಡುಗೆಯವರು ಒಬ್ಬರು, ಕೋಣೆ ಗುಡಿಸುವವರು ಒಬ್ಬರು ಇಬ್ಬರು, ಉಳಿದದ್ದನ್ನು ಮಾಲೀಕರ ಮನೆಯವರೇ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ತಲೆ ಎಣಿಸಿ ತರಕಾರಿ ತರುತ್ತಾರೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಮಲಗುತ್ತಾರೆ. ಹೀಗಾಗಿ ಬೇಕಾದದ್ದನ್ನು ಮೊದಲೇ ಫೋನು ಮಾಡಿ ಹೇಳುವುದೇ ಇಲ್ಲಿ ಮುಖ್ಯ ಕೆಲಸ.

ದ್ವೀಪದಲ್ಲಿ ಎಲ್ಲಿ ಉಳಿಯುವುದು

ಕೋಣೆಯ ಚಂದ ಆಮೇಲೆ, ಮೊದಲು ಜಾಗ ಆರಿಸಿ. ದ್ವೀಪ ಉದ್ದಕ್ಕೆ ಸುಮಾರು ಐದು ಕಿಲೋಮೀಟರು. ಪಡುವಣ ತುದಿಯಲ್ಲಿ ಕೋಟೆ, ಮೂಡಣ ತುದಿಯಲ್ಲಿ ಗಂಜಾಂ ದಾಟಿ ಸಂಗಮ. ಎಲ್ಲಿ ಉಳಿದಿರಿ ಎಂಬುದರ ಮೇಲೆ ನಿಮ್ಮ ಬೆಳಗು, ನಿಮ್ಮ ಆಟೋ ಖರ್ಚು, ನಿಮ್ಮ ನಿದ್ದೆ ಮೂರೂ ನಿಂತಿವೆ.

ಕೋಟೆಯೊಳಗೆ ಉಳಿದರೆ ರಂಗನಾಥನ ಗುಡಿಗೆ ಬರಿಗಾಲಲ್ಲಿ ನಡೆದು ಹೋಗಬಹುದು. ಬೆಳಗಿನ ಪೂಜೆ ನೋಡಿ ಬಂದು ತಿಂಡಿ ತಿನ್ನಬಹುದು. ಪ್ರವಾಸಿ ಬಸ್ಸುಗಳು ಬರುವ ಮೊದಲೇ ಜಲದ್ವಾರ, ಸೆರೆಮನೆ, ಮಸೀದಿಯ ಎರಡು ಮಿನಾರುಗಳನ್ನು ಸದ್ದಿಲ್ಲದ ಹೊತ್ತಿನಲ್ಲಿ ನೋಡಬಹುದು. ನನ್ನ ಕೇಳಿದರೆ ಮೊದಲ ಬಾರಿ ಹೋಗುವವರು ಇಲ್ಲೇ ಉಳಿಯಬೇಕು. ಆದರೆ ರೈಲು ಹಳಿ ಕೋಟೆಯ ನಡುವೆಯೇ ಹಾದುಹೋಗುತ್ತದೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪುವಿನ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿನಷ್ಟು ಆಚೆಗೆ ಸರಿಸಿದ ಊರು ಇದು. ರಾತ್ರಿ ರೈಲಿನ ಸದ್ದು, ಮುಂಜಾನೆ ಮಸೀದಿಯ ಬಾಂಗು, ಆಮೇಲೆ ಗುಡಿಯ ಸುಪ್ರಭಾತ ಇವೆಲ್ಲ ಇದ್ದೇ ಇರುತ್ತವೆ. ಸದ್ದಿಗೆ ಎಚ್ಚರವಾಗುವವರು ಹಳಿಗೆ ಬೆನ್ನು ಮಾಡಿದ ಕೋಣೆ ಕೇಳಿ ಪಡೆಯಬೇಕು.

ಗಂಜಾಂ ಕಡೆ ಉಳಿದರೆ ದರಿಯಾ ದೌಲತ್, ಗುಂಬಜ್, ನಿಮಿಷಾಂಬ ದೇವಸ್ಥಾನ, ಸಂಗಮ ಹತ್ತಿರ. ಹಸಿರು ಹೆಚ್ಚು, ವಾಹನ ನಿಲ್ಲಿಸಲು ಜಾಗವಿದೆ, ಮಕ್ಕಳಿಗೆ ಅಂಗಳ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ, ರಜೆಯ ಭಾನುವಾರಗಳಲ್ಲಿ ನಿಮಿಷಾಂಬೆಗೆ ಬರುವ ಜನರಿಂದ ಆ ಕಿರುದಾರಿ ಕಟ್ಟಿಕೊಳ್ಳುತ್ತದೆ. ಅಂಥ ದಿನ ಕಾರು ಹೊರತೆಗೆಯುವ ಆಸೆ ಬಿಡಿ.

ಮೈಸೂರು–ಬೆಂಗಳೂರು ಹಳೆಯ ಹೆದ್ದಾರಿಯ ಬದಿ, ನದಿಯಂಚಿನಲ್ಲಿ ಕೆಲವು ಹೋಟೆಲುಗಳಿವೆ. ಕರ್ನಾಟಕ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ರಿವರ್ ವ್ಯೂ ಕೂಡ ನದಿಯ ಪಕ್ಕದ್ದೇ. ನೀರಿನ ನೋಟ ಬೇಕೆನ್ನುವವರಿಗೆ, ದೊಡ್ಡ ವ್ಯಾನಿನಲ್ಲಿ ಬರುವ ಕುಟುಂಬಕ್ಕೆ ಈ ಕಡೆ ಅನುಕೂಲ. ಗುಡಿಗೆ ನಡೆದು ಹೋಗುವ ಸುಖ ಮಾತ್ರ ಇಲ್ಲ.

ಪಶ್ಚಿಮವಾಹಿನಿಯ ಆಸುಪಾಸಿನ ವಸತಿ ಹಿಡಿಯುವವರಿಗೆ ಒಂದು ಮಾತು. ಕಾವೇರಿ ಪಡುವಣಕ್ಕೆ ತಿರುಗಿ ಹರಿಯುವ ಆ ಜಾಗ ಅಸ್ಥಿ ವಿಸರ್ಜನೆಗೆ, ಅಪರಕರ್ಮಕ್ಕೆ ಜನ ಬರುವ ತೀರ್ಥ. ಬೆಳಗಿನಿಂದಲೇ ದುಃಖದ ಮನೆಯವರು ಬರುತ್ತಿರುತ್ತಾರೆ, ಮಹಾಲಯ ಅಮಾವಾಸ್ಯೆಯಂದು ನೂಕುನುಗ್ಗಲು. ಪಿತೃಕಾರ್ಯಕ್ಕಾಗಿಯೇ ಹೋಗುವವರಿಗೆ ಅದು ಸರಿಯಾದ ಜಾಗ. ಮದುವೆಯಾದ ಹೊಸದರಲ್ಲಿ ಹೋಗುವವರು ಬೇರೆ ಕಡೆ ನೋಡಿಕೊಳ್ಳಿ.

ಹಣ ಕಳಿಸುವ ಮೊದಲು ಫೋನಿನಲ್ಲಿ ಕೇಳಬೇಕಾದದ್ದು

ಆ್ಯಪಿನಲ್ಲಿ ನೋಡಿ, ಆದರೆ ಹಣ ಕಟ್ಟುವ ಮೊದಲು ಒಮ್ಮೆ ನೇರ ಫೋನು ಮಾಡಿ. ನಿಮ್ಮ ಮನೆಯ ಕನ್ನಡದಲ್ಲೇ ಮಾತಾಡಿ. ನಮ್ಮ ಕಡೆಯ ಒಕ್ಕಲಿಗರ, ದೇವಾಂಗರ, ಅನುಪ್ಪರ ಮನೆಮಾತಿನಲ್ಲಿ ತಮಿಳು ಬೆರೆತಿದೆ ಎಂದು ಅನೇಕರು ಹಿಂಜರಿದು ಇಂಗ್ಲಿಷಿಗೋ ತಮಿಳಿಗೋ ಹೊರಳುತ್ತಾರೆ. ಮಂಡ್ಯ ಸೀಮೆಯವರಿಗೆ ನಿಮ್ಮ ಮಾತು ಅರ್ಥವಾಗುತ್ತದೆ. ಮಾತಿನಿಂದಲೇ ಪರಿಚಯ ಬೆಳೆದು, ಕೇಳದಿದ್ದ ಮಾಹಿತಿಯೂ ಸಿಗುತ್ತದೆ.

1. ನಮಗೆ ಕೊಡುವ ಕೋಣೆ ಯಾವುದು? ಸಣ್ಣ ಹೋಟೆಲಿನಲ್ಲಿ ಒಂದು ಕೋಣೆಯಂತೆ ಇನ್ನೊಂದು ಇರುವುದಿಲ್ಲ. ಒಂದಕ್ಕೆ ಅಂಗಳದ ಬೆಳಕು, ಇನ್ನೊಂದಕ್ಕೆ ಪಕ್ಕದ ಮನೆಯ ಗೋಡೆ. ಫೋಟೋದಲ್ಲಿ ಹಾಕಿರುವುದು ಸಾಮಾನ್ಯವಾಗಿ ಅತ್ಯುತ್ತಮವಾದ ಒಂದೇ ಕೋಣೆ. ಆ ದಿನ ನಿಮಗೆ ಸಿಗುವ ಕೋಣೆಯ ಫೋಟೋವನ್ನು, ಬಚ್ಚಲನ್ನೂ ಸೇರಿಸಿ, ವಾಟ್ಸ್ಆ್ಯಪಿನಲ್ಲಿ ಕಳಿಸಲು ಹೇಳಿ. ಕಳಿಸಲು ಹಿಂದೆಮುಂದೆ ನೋಡುವ ಕಡೆ ಹಣ ಕಟ್ಟಬೇಡಿ.

2. ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ? ಹಳೆಯ ಮನೆಯ ಮೆಟ್ಟಿಲು ಎತ್ತರ ಹೆಚ್ಚು, ಅಗಲ ಕಡಿಮೆ. ಹಿರಿಯರಿದ್ದರೆ ನೆಲಮಟ್ಟದ ಕೋಣೆ ಬೇಕೇ ಬೇಕು ಎಂದು ಹೇಳಿ, ಅದನ್ನು ಬರಹದಲ್ಲಿ ಪಡೆಯಿರಿ. ಕಮೋಡ್ ಇದೆಯೇ, ಬಚ್ಚಲು ಕೋಣೆಗೆ ಸೇರಿದ್ದೇ ಎಂಬುದನ್ನೂ ಇಲ್ಲೇ ಕೇಳಿ.

3. ಬಿಸಿನೀರು ಹೇಗೆ ಬರುತ್ತದೆ? ಸೋಲಾರಿನದಾದರೆ ನೀರು ಸಂಜೆಗೆ ಚೆನ್ನಾಗಿ ಕಾದಿರುತ್ತದೆ. ಅದೇ ಸಂಜೆ ಎಲ್ಲರೂ ಮಿಂದರೆ ತೊಟ್ಟಿಗೆ ತಣ್ಣೀರು ತುಂಬಿ, ಬೆಳಿಗ್ಗೆ ಗುಡಿಗೆ ಹೊರಡುವ ಹೊತ್ತಿಗೆ ಉಗುರುಬೆಚ್ಚಗೂ ಇರುವುದಿಲ್ಲ. ಮಳೆಗಾಲದ ಮೋಡದ ದಿನಗಳಲ್ಲಿ ಗೀಸರು ಬೇಕು.

4. ರಾತ್ರಿ ಊಟ ಇದೆಯೇ, ಎಷ್ಟು ಹೊತ್ತಿಗೆ ಹೇಳಬೇಕು? ಇದೇ ಅತಿ ಮುಖ್ಯ ಪ್ರಶ್ನೆ. ಮಧ್ಯಾಹ್ನದೊಳಗೆ ಹೇಳಿದರೆ ಮುದ್ದೆ, ಸೊಪ್ಪಿನ ಬಸ್ಸಾರು, ಬೇಕಾದವರಿಗೆ ನಾಟಿಕೋಳಿ ಸಾರು ಮಾಡಿ ಬಡಿಸುವ ಮನೆಗಳಿವೆ. ಸಂಜೆ ಏಳಕ್ಕೆ ಹೇಳಿದರೆ ಚಪಾತಿಯೂ ಕಷ್ಟ. ಶುದ್ಧ ಸಸ್ಯಾಹಾರಿಗಳು ಅಡುಗೆಮನೆಯಲ್ಲಿ ಮಾಂಸ ಬೇಯಿಸುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.

5. ಕರೆಂಟು ಹೋದರೆ ಏನು? ಯುಪಿಎಸ್‌ನಲ್ಲಿ ದೀಪ, ಫ್ಯಾನು ಓಡುತ್ತವೆ, ಎಸಿ ಓಡುವುದಿಲ್ಲ.

6. ಕಾರು ಎಲ್ಲಿ ನಿಲ್ಲಿಸುವುದು? ಕೋಟೆಯೊಳಗಿನ ಬೀದಿಗಳಲ್ಲಿ ಟೆಂಪೊ ಟ್ರಾವೆಲರ್ ತಿರುಗಿಸುವುದೇ ಸಾಹಸ. ಚಾಲಕರು ಮಲಗಲು ಜಾಗವಿದೆಯೇ ಎಂಬುದನ್ನೂ ಕೇಳಿ. ಅವರು ಚೆನ್ನಾಗಿ ನಿದ್ದೆ ಮಾಡಿದರೆ ತಾನೆ ಮರಳುವ ದಾರಿಯ ದಿಂಬಂ ಘಾಟಿಯಲ್ಲಿ ನಿಮಗೆ ಕ್ಷೇಮ.

7. ರದ್ದು ಮಾಡಿದರೆ ಎಷ್ಟು ಹಣ ವಾಪಸು? ಎಷ್ಟು ದಿನ ಮೊದಲು ಹೇಳಬೇಕು? ಉತ್ತರವನ್ನು ಸಂದೇಶವಾಗಿ ಕಳಿಸಿ ಎನ್ನಿ. ಮುಂಗಡವಾಗಿ ಪೂರ್ತಿ ಹಣ ಕೊಡಬೇಡಿ. ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚು ಕೇಳಿದರೆ ಯೋಚಿಸಿ.

ಇಷ್ಟು ಮಾತಾಡಿದ ಮೇಲೆ ನಿಮ್ಮ ಕಡೆಯಿಂದ ಮೂರು ವಿಷಯ ತಪ್ಪದೆ ಹೇಳಿ: ಎಷ್ಟು ಜನ, ಯಾವ ವಯಸ್ಸಿನವರು, ಎಷ್ಟು ಹೊತ್ತಿಗೆ ಬರುತ್ತೀರಿ. ಮೂರನೆಯದು ತಪ್ಪಿದರೆ ಉಳಿದೆಲ್ಲ ತಪ್ಪುತ್ತದೆ. ಅದಕ್ಕೆ ಕಾರಣ ದಾರಿಯಲ್ಲಿದೆ.

ದಾರಿಯ ಲೆಕ್ಕ

ಕಾರಿನಲ್ಲಿ ಉಡುಮಲೈಪೇಟೆ, ಪಲ್ಲಡಂ, ಅವಿನಾಶಿ, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ, ದಿಂಬಂ, ಹಾಸನೂರು, ಚಾಮರಾಜನಗರ, ನಂಜನಗೂಡು, ಮೈಸೂರು ಮೂಲಕ ಹೋಗುವುದು ವಾಡಿಕೆ. ದಿಂಬಂ ಘಾಟಿಯ 27 ತಿರುವುಗಳು ಸತ್ಯಮಂಗಲ ಹುಲಿ ಮೀಸಲು ಅರಣ್ಯದೊಳಗಿವೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅಲ್ಲಿ ರಾತ್ರಿ ಸಂಚಾರ ನಿರ್ಬಂಧ ಜಾರಿಗೆ ಬಂತು. ಊಟಿ ದಾರಿ ಹಿಡಿದರೂ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಅಂಗಡಿ ಮುಚ್ಚಿ ಸಂಜೆ ಹೊರಟರಾಯಿತು ಎಂಬ ಲೆಕ್ಕ ಇಲ್ಲಿ ನಡೆಯದು. ಬೆಳಿಗ್ಗೆ ಆರಕ್ಕೆ ಮಡತ್ತುಕುಳಂ ಬಿಡಿ. ಮಧ್ಯಾಹ್ನದ ಊಟ ಚಾಮರಾಜನಗರದಲ್ಲೋ ನಂಜನಗೂಡಿನಲ್ಲೋ ಮುಗಿಸಿ, ಸಂಜೆಯ ಬೆಳಕಿರುವಾಗಲೇ ದ್ವೀಪ ಸೇರಿ. ಅಡುಗೆಯವರಿಗೆ ಮೊದಲೇ ಹೇಳಿದ ಊಟವೂ ಬಿಸಿಯಾಗಿ ಸಿಗುತ್ತದೆ.

ಘಾಟಿ ಬೇಡವೆನ್ನುವವರಿಗೆ ರೈಲಿದೆ. ತಿರುವನಂತಪುರ ಕಡೆಯಿಂದ ಕೊಯಮತ್ತೂರು, ತಿರುಪ್ಪೂರು, ಈರೋಡು, ಸೇಲಂ, ಬೆಂಗಳೂರು ಬಳಸಿಕೊಂಡು ಮೈಸೂರಿಗೆ ಹೋಗುವ ಎಕ್ಸ್‌ಪ್ರೆಸ್ ಹತ್ತಿದರೆ ಬೆಟ್ಟ ಹತ್ತುವ ಕಷ್ಟವಿಲ್ಲ. ಸುತ್ತು ಹೆಚ್ಚು, ಸೊಂಟಕ್ಕೆ ಸುಖ. ಮೈಸೂರಿನಿಂದ ಶ್ರೀರಂಗಪಟ್ಟಣ ಸುಮಾರು 15 ಕಿಲೋಮೀಟರು. ಬಸ್ಸು, ಆಟೋ, ಪ್ಯಾಸೆಂಜರ್ ರೈಲು ಎಲ್ಲವೂ ಇವೆ.

ಬಾಡಿಗೆ ವ್ಯಾನಿನಲ್ಲಿ ಹೋಗುವವರು ಕರ್ನಾಟಕಕ್ಕೆ ಪರ್ಮಿಟ್ ಇದೆಯೇ, ತೆರಿಗೆ ಕಟ್ಟಿದೆಯೇ ಎಂದು ಮಾಲೀಕರನ್ನು ಹೊರಡುವ ಹಿಂದಿನ ದಿನವೇ ಕೇಳಿ. ಕಾವೇರಿ ನೀರಿನ ವಿಷಯ ಕಾವೇರಿದಾಗ ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ರಸ್ತೆ ತಡೆ ನಡೆಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಒಂದೇ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದವು. ತಮಿಳುನಾಡಿನ ನಂಬರಿನ ವಾಹನದಲ್ಲಿ ಹೋಗುವವರು ಹೊರಡುವ ಮೊದಲು ಸುದ್ದಿ ನೋಡಿ, ಹೋಟೆಲಿಗೂ ಒಮ್ಮೆ ಫೋನು ಮಾಡಿ. ಊರಿನ ಪರಿಸ್ಥಿತಿ ಅವರಿಗೆ ಗೊತ್ತಿರುತ್ತದೆ.

ಹಳೆಯ ಮನೆಯಲ್ಲಿ ಇರುವ ಬಗೆ

ಸುಣ್ಣದ ಗಾರೆಯ ದಪ್ಪ ಗೋಡೆ ಹಗಲಿನ ಬಿಸಿಲನ್ನು ನಿಧಾನವಾಗಿ ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಹೀಗಾಗಿ ಮಧ್ಯಾಹ್ನ ಎರಡಕ್ಕೆ ಒಳಗೆ ಬಂದರೆ ಹಾಯೆನಿಸುವ ಕೋಣೆ ರಾತ್ರಿ ಹತ್ತಕ್ಕೆ ಸ್ವಲ್ಪ ಸೆಕೆಯೆನಿಸಬಹುದು. ಪರಿಹಾರ ಸುಲಭ: ಹಗಲು ಕಿಟಕಿ ಮುಚ್ಚಿ, ಸಂಜೆ ಏಳರ ಮೇಲೆ ತೊಟ್ಟಿಯ ಕಡೆಯ ಬಾಗಿಲು, ಎದುರಿನ ಕಿಟಕಿ ಎರಡನ್ನೂ ತೆರೆಯಿರಿ. ತೊಟ್ಟಿಯ ಬಿಸಿಗಾಳಿ ಮೇಲೇರಿ ಹೋದ ಜಾಗಕ್ಕೆ ಹೊರಗಿನ ತಂಪು ನುಗ್ಗುತ್ತದೆ. ನಮ್ಮ ಅಜ್ಜಂದಿರು ತೊಟ್ಟಿ ಬಿಟ್ಟು ಮನೆ ಕಟ್ಟುತ್ತಿದ್ದುದು ಇದಕ್ಕೇ. ತೆರೆದ ಕಿಟಕಿಗೆ ಸೊಳ್ಳೆ ಬರುತ್ತದೆ, ಯಾಕೆಂದರೆ ಊರಿನ ಸುತ್ತ ನಾಲೆ, ಭತ್ತದ ಗದ್ದೆ, ನದಿಯ ಮಡುಗಳಿವೆ. ಸೊಳ್ಳೆಪರದೆ ಕೇಳಿ ಹಾಕಿಸಿಕೊಳ್ಳಿ.

ಅದೇ ಗೋಡೆ ಮೊಬೈಲ್ ಸಿಗ್ನಲನ್ನೂ ವೈಫೈಯನ್ನೂ ತಡೆಯುತ್ತದೆ. ಕೆಲಸದ ಕರೆ ಇದ್ದರೆ ಜಗುಲಿಗೆ ಬನ್ನಿ. ಒದ್ದೆ ಬಟ್ಟೆಯನ್ನು ಗೋಡೆಗೆ ತಾಗಿಸಿ ಹರವಬೇಡಿ. ಸುಣ್ಣದ ಗೋಡೆ ತೇವ ಹಿಡಿದರೆ ಹೊಪ್ಪಳಿಕೆ ಏಳುತ್ತದೆ. ಬಾಗಿಲುವಾಡ ತಗ್ಗು, ಹೊಸ್ತಿಲು ಎತ್ತರ. ಎತ್ತರದವರು ತಲೆ ನೋಡಿಕೊಳ್ಳಿ, ಹಿರಿಯರು ಕಾಲು ನೋಡಿಕೊಳ್ಳಿ. ರಾತ್ರಿ ಎದ್ದು ಓಡಾಡುವವರ ಹಾಸಿಗೆಯ ಬಳಿ ಒಂದು ಟಾರ್ಚ್ ಇರಲಿ.

ಮನೆಯವರ ಜೊತೆ ಸಲುಗೆಯಿಂದ ಇರಿ, ಆದರೆ ಅವರನ್ನು ಮನೆಯಾಳಿನಂತೆ ಕೂಗಬೇಡಿ. ಬಡಿಸುವ ಹೆಂಗಸು ಆ ಮನೆಯ ಸೊಸೆಯೇ ಇರಬಹುದು. "ಅಕ್ಕಾ, ನಾಳೆ ಬೆಳಿಗ್ಗೆ ಆರಕ್ಕೆ ಕಾಫಿ ಸಿಗ್ತದಾ?" ಎಂದು ಹಿಂದಿನ ರಾತ್ರಿ ಕೇಳಿದರೆ ಸಾಕು, ಆರಕ್ಕೆ ಕಾಫಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದು ಕೂಗಿದರೆ ಆರೂಮುಕ್ಕಾಲಿಗೆ ಬರುತ್ತದೆ.

ಊರು ನೋಡುವುದಕ್ಕೂ ಅವರನ್ನೇ ಕೇಳಿ. ಬೆಳಗಿನ ಹೊತ್ತು ರಂಗನತಿಟ್ಟಿಗೆ ಇಡಿ. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾದ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಆ ನಡುಗಡ್ಡೆಗಳು ಊರಿನಿಂದ ನಾಲ್ಕಾರು ಕಿಲೋಮೀಟರಷ್ಟೇ ದೂರ. ಬಿಸಿಲೇರಿದ ಮೇಲೆ ಹಕ್ಕಿಗಳ ಚಟುವಟಿಕೆಯೂ ಕಡಿಮೆ, ದೋಣಿಗೆ ಸಾಲೂ ಉದ್ದ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬಿಸಿಲಿನ ಹೊತ್ತಿಗೆ ಸರಿ. ತೇಗದ ಆ ಬೇಸಿಗೆಯರಮನೆಯ ಪಡುವಣ ಗೋಡೆಯ ಮೇಲಿನ ಪೊಳ್ಳಿಲೂರು ಕದನದ ಚಿತ್ರವನ್ನು ಅವಸರವಿಲ್ಲದೆ ನೋಡಿ. ರಂಗನಾಥನ ಗುಡಿ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಸಂಜೆ ದರ್ಶನದ ನಂತರ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯ ಕಡೆ ಹೋಗಿ. ನೆಲ ಸಮತಟ್ಟಾದ್ದರಿಂದ ದ್ವೀಪವನ್ನು ಸೈಕಲ್ಲಿನಲ್ಲೇ ಸುತ್ತಬಹುದು. ಹೋಟೆಲಿನವರಲ್ಲಿ ಇಲ್ಲದಿದ್ದರೂ ಬಾಡಿಗೆಗೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ.

ನದಿಯ ವಿಷಯದಲ್ಲಿ ಎಚ್ಚರಿಕೆ

ಇದನ್ನು ಒತ್ತಿ ಹೇಳುತ್ತೇನೆ. ಹೋಟೆಲಿನ ಹಿತ್ತಲಲ್ಲೇ ಮೆಟ್ಟಿಲಿದೆ, ನೀರು ಮೊಣಕಾಲುದ್ದವಿದೆ ಎಂದು ಮಕ್ಕಳನ್ನು ಇಳಿಸಬೇಡಿ. ಕಾವೇರಿಯ ತಳ ಇಲ್ಲಿ ಬಂಡೆ. ಬಂಡೆಗಳ ನಡುವೆ ಮಡು, ಮಡುವಿನಲ್ಲಿ ಸುಳಿ. ಪಾಚಿಗಟ್ಟಿದ ಕಲ್ಲಿನ ಮೇಲೆ ಈಜು ಬಲ್ಲವರೂ ಜಾರುತ್ತಾರೆ. ರಂಗನತಿಟ್ಟಿನಲ್ಲಿ ನೀವು ದೋಣಿಯಿಂದ ನೋಡಿ ಸಂತೋಷಪಡುವ ಮೊಸಳೆಗಳು ಇದೇ ನದಿಯಲ್ಲಿವೆ.

ಕೃಷ್ಣರಾಜಸಾಗರ ಮೇಲ್ಗಡೆ ಹತ್ತಿರದಲ್ಲೇ ಇದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಜೋರು ಮಳೆಯಾದರೆ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಆಗ ರಂಗನತಿಟ್ಟಿನ ದೋಣಿ ನಿಲ್ಲುತ್ತದೆ, ನಿಮಿಷಾಂಬೆಯ ಸ್ನಾನಘಟ್ಟ ಮುಳುಗುತ್ತದೆ, ವೆಲ್ಲೆಸ್ಲಿ ಸೇತುವೆಯ ಮೇಲೆ ಓಡಾಟ ನಿಷೇಧಿಸುತ್ತಾರೆ. ನದಿಯಂಚಿನ ಹೋಟೆಲು ಹಿಡಿದವರು ಆ ತಿಂಗಳುಗಳಲ್ಲಿ ಹೊರಡುವ ಹಿಂದಿನ ದಿನ ಅಣೆಕಟ್ಟಿನ ಹೊರಹರಿವು ಎಷ್ಟಿದೆ ಎಂದು ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು. ಅಮರಾವತಿ ಅಣೆಯ ನೀರಿನ ಮಟ್ಟ ದಿನಾ ನೋಡುವ ನಮ್ಮ ರೈತರಿಗೆ ಇದು ಹೊಸದಲ್ಲ. ಪುಣ್ಯಸ್ನಾನ ಮಾಡಲೇಬೇಕೆಂದರೆ ಕಂಬಿ ಹಾಕಿದ ಘಟ್ಟದಲ್ಲಿ, ಹಗಲಿನಲ್ಲಿ, ತಂಬಿಗೆಯಿಂದ ಮೊಗೆದು ಮೀಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಬ್ಬದ ದಿನ ತಿಳಿಯದೆ ಹೋಗುವುದು. ಸಂಕ್ರಾಂತಿಯ ದೀಪೋತ್ಸವ, ರಥಸಪ್ತಮಿಯ ತೇರು, ದಸರಾ ಈ ಮೂರು ಸಂದರ್ಭಗಳಲ್ಲಿ ಕೋಣೆ ಸಿಗುವುದೂ ಕಷ್ಟ, ಬಾಡಿಗೆಯೂ ದುಬಾರಿ. ಉತ್ಸವ ನೋಡಲೆಂದೇ ಹೋಗುವವರು ಎರಡು ತಿಂಗಳು ಮೊದಲೇ ಮಾತಾಡಿರಬೇಕು. ನೆಮ್ಮದಿ ಬೇಕಾದವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ವಾರದ ನಡುವಿನ ದಿನಗಳೇ ಒಳ್ಳೆಯವು.

ಒಂದೇ ರಾತ್ರಿಗೆ ಹಿಡಿಯುವುದು. ಸಂಜೆ ಬಂದು ಬೆಳಿಗ್ಗೆ ಹೊರಡುವವರಿಗೆ ಮೈಸೂರಿನ ಲಾಡ್ಜೇ ಸಾಕು. ಸಣ್ಣ ಹೋಟೆಲಿನವರು ನಿಮ್ಮ ರುಚಿ ಅರಿತು ಅಡುಗೆ ಮಾಡುವುದು ಎರಡನೆಯ ದಿನದಿಂದ.

ಆಧಾರ್ ಕಾರ್ಡಿನ ಫೋಟೋ ಎಲ್ಲರಿಗೂ ಕಳಿಸಿಬಿಡುವುದು. ಗುರುತಿನ ದಾಖಲೆ ಕೇಳುವುದು ಸರಿ, ಪೂರ್ತಿ ಸಂಖ್ಯೆ ಕೊಡಬೇಕಿಲ್ಲ. ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಪ್ರತಿಯನ್ನು ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳಬಹುದು. ವಿದೇಶದ ಪಾಸ್‌ಪೋರ್ಟ್ ಇರುವ ಮಗ, ಸೊಸೆ, ಮೊಮ್ಮಕ್ಕಳು ಜೊತೆಗಿದ್ದರೆ ಅದನ್ನು ಮೊದಲೇ ತಿಳಿಸಿ. ಅವರ ವಿವರವನ್ನು ಹೋಟೆಲಿನವರು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಆ ವ್ಯವಸ್ಥೆ ಇಲ್ಲದ ಸಣ್ಣ ಮನೆಗಳು ಬಾಗಿಲಲ್ಲಿ ಕೈಚೆಲ್ಲುತ್ತವೆ.

ಶಕ್ತಿ ಯೋಜನೆಯನ್ನು ನಂಬಿಕೊಳ್ಳುವುದು. 2023ರ ಜೂನ್ 11ರಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವಿದೆ. ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಮನೆಮಾತು ಕನ್ನಡವಾದರೂ ತಿರುಪ್ಪೂರು ಜಿಲ್ಲೆಯ ವಿಳಾಸದ ಗುರುತುಚೀಟಿ ತೋರಿಸುವವರು ಟಿಕೆಟ್ ತೆಗೆದುಕೊಳ್ಳಬೇಕು.

ಬೋರ್ಡು ಓದಲು ಬಾರದವರನ್ನು ಒಂಟಿಯಾಗಿ ಕಳಿಸುವುದು. ನಮ್ಮ ಕಡೆ ಕನ್ನಡ ಮಾತಾಡಿದರೂ ಅಕ್ಷರ ಕಲಿತದ್ದು ತಮಿಳಿನಲ್ಲಿ. ಓಣಿಯ ಹೆಸರು, ಬಸ್ಸಿನ ಬೋರ್ಡು ಕನ್ನಡದಲ್ಲಿರುತ್ತವೆ. ಹೋಟೆಲಿನ ಹೆಸರು, ಫೋನ್ ಸಂಖ್ಯೆಗಳನ್ನು ಮನೆಯ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಲಿ. ಲೊಕೇಶನ್ನನ್ನು ಮಾಲೀಕರಿಂದಲೇ ತರಿಸಿಕೊಳ್ಳಿ.

ಬಿಲ್ಲು ನೋಡುವಾಗ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲಿನ ಬಾಡಿಗೆಗೆ ಶೇ 18. ಹಳೆಯ ಶೇ 12ರ ಲೆಕ್ಕ ಹಾಕಿದ್ದರೆ ತಿದ್ದಿಸಿ. ನೇರವಾಗಿ ಹಿಡಿದ ಕೋಣೆಗೆ ತೆರಿಗೆ ಹಾಕಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇರಬೇಕು. ನೋಂದಣಿ ಮಾಡಿಸದ ಸಣ್ಣವರು ತೆರಿಗೆ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕ ಕಡ್ಡಾಯವಲ್ಲ. ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಆ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರಲ್ಲಿ ಎತ್ತಿಹಿಡಿದಿದೆ. ಸಂತೋಷವಾಗಿದ್ದರೆ ಅಡುಗೆಯವರ ಕೈಗೆ ನೇರವಾಗಿ ಕೊಡಿ. ಮಾತಿನಲ್ಲಿ ಬಗೆಹರಿಯದ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ತುರ್ತಿಗೆ 112.

ಹೊರಡುವಾಗ ಕೊರತೆಯೇನಾದರೂ ಕಂಡಿದ್ದರೆ ಆ್ಯಪಿನಲ್ಲಿ ಬರೆಯುವ ಮೊದಲು ಮಾಲೀಕರಿಗೆ ಮುಖತಃ ಹೇಳಿ. ಎಂಟು ಕೋಣೆಯ ಹೋಟೆಲಿನಲ್ಲಿ ಹೇಳಿದ ಮಾತು ನೇರ ಯಜಮಾನರ ಕಿವಿಗೇ ಬೀಳುತ್ತದೆ, ಮುಂದೆ ಬರುವ ನಮ್ಮೂರಿನ ಇನ್ನೊಂದು ಕುಟುಂಬಕ್ಕೆ ಆ ಕೊರತೆ ಇರುವುದಿಲ್ಲ.